ಪಂಜರದೊಳಗಿನ ಹಕ್ಕಿ, ಪರದೆಯ ಹಿಂದಿನ ದನಿ

ಕೇಳುಗರಿಗೆ ನಮಸ್ಕಾರ.

ಇಂದಿನ ಮಾತು ಉರ್ದು ಕಾವ್ಯ ಮತ್ತು ಕಾದಂಬರಿಯ ಬಗ್ಗೆ. ಎರಡೇ ಸಾಲಿನ ಒಂದು ಪದ್ಯದಿಂದ ಶುರು ಮಾಡುತ್ತೇನೆ. ಇದು ಮಿರ್ಜಾ ಗಾಲಿಬನದು. ಉರ್ದು ಕವಿಗಳು ಒಟ್ಟು ಸೇರಿ ಪದ್ಯ ಓದುವ ಮುಷಾಯರಾದಲ್ಲಿ ಮೊದಲ ಸಾಲನ್ನು ಎರಡು ಸಲ ಹೇಳುವುದು ವಾಡಿಕೆ. ನಾನೂ ಹಾಗೆಯೇ ಹೇಳುತ್ತೇನೆ.

‘ಕಫಸ್ ಮೇಂ ಮುಝ್ ಸೇ ರೂದಾದ್-ಎ-ಚಮನ್ ಕಹತೇ ನ ಡರ್ ಹಮ್‌ದಮ್.’

ಇನ್ನೊಮ್ಮೆ. ‘ಕಫಸ್ ಮೇಂ ಮುಝ್ ಸೇ ರೂದಾದ್-ಎ-ಚಮನ್ ಕಹತೇ ನ ಡರ್ ಹಮ್‌ದಮ್.’

ಕಫಸ್ ಎಂದರೆ ಪಂಜರ, ಚಮನ್ ಎಂದರೆ ತೋಟ, ರೂದಾದ್ ಎಂದರೆ ನಡೆದ ಸಂಗತಿಯ ವಿವರ, ಹಮ್‌ದಮ್ ಎಂದರೆ ಜೀವದ ಗೆಳೆಯ. ‘ಪಂಜರದಲ್ಲಿರುವ ನನಗೆ ತೋಟದ ಸುದ್ದಿ ಹೇಳಲು ಹೆದರಬೇಡ, ಗೆಳೆಯಾ.’ ಇಷ್ಟು ಹೇಳಿ ಕವಿ ನಿಲ್ಲುತ್ತಾನೆ. ಕೂಟದವರೂ ಆ ಸಾಲನ್ನು ಬಾಯಲ್ಲಿ ಹೊರಳಿಸುತ್ತಾರೆ. ಗೆಳೆಯ ಹೆದರಿದ್ದು ಯಾಕೆ? ತೋಟದಲ್ಲಿ ಏನಾಯಿತು? ಕೇಳುವವರ ಕುತೂಹಲ ಹಣ್ಣಾದ ಮೇಲೆ ಎರಡನೆಯ ಸಾಲು ಬರುತ್ತದೆ.

‘ಗಿರೀ ಹೈ ಜಿಸ್ ಪೇ ಕಲ್ ಬಿಜಲೀ, ವೋ ಮೇರಾ ಆಶಿಯಾಂ ಕ್ಯೋಂ ಹೋ.’ ನಿನ್ನೆ ಸಿಡಿಲು ಬಡಿದ ಗೂಡು ನನ್ನದೇ ಯಾಕೆ ಆಗಿರಬೇಕು?

ಇದರೊಳಗೆ ಒಂದು ಇಡೀ ಕಥೆ ಮಡಚಿಕೊಂಡು ಕೂತಿದೆ. ಒಂದು ಹಕ್ಕಿ ಸೆರೆಸಿಕ್ಕಿದೆ. ತೋಟದಿಂದ ಇನ್ನೊಂದು ಹಕ್ಕಿ ಬಂದಿದೆ. ಅದೂ ಸಿಕ್ಕಿಬಿದ್ದು ಬಂದದ್ದೋ, ಹೊರಗಿನಿಂದ ಹಾರಿಬಂದು ಕಡ್ಡಿಗಳ ಆಚೆ ಕೂತದ್ದೋ, ಕವಿ ಹೇಳುವುದಿಲ್ಲ. ಬಂದ ಹಕ್ಕಿ ಊರಿನ ಸುದ್ದಿ ಶುರು ಮಾಡಿದೆ, ‘ನಿನ್ನೆ ಸಿಡಿಲು ಹೊಡೆಯಿತು’ ಎನ್ನುವಷ್ಟರಲ್ಲಿ ಮಾತು ನುಂಗಿಕೊಂಡಿದೆ. ಆ ನುಂಗಿಕೊಂಡ ಮಾತಿನಿಂದಲೇ ಸುಟ್ಟದ್ದು ಯಾರ ಗೂಡು ಎಂದು ನಮಗೆ ಗೊತ್ತಾಗಿಬಿಡುತ್ತದೆ. ಪಂಜರದ ಹಕ್ಕಿಗೆ ಗೊತ್ತಾಗಿದೆಯೇ? ‘ಕ್ಯೋಂ ಹೋ’ ಎಂಬ ಎರಡು ಶಬ್ದಗಳನ್ನು ಹಗುರವಾಗಿ ಹೇಳಿ ನೋಡಿ, ಹಕ್ಕಿ ಮುಗ್ಧವಾಗಿದೆ. ತಗ್ಗಿದ ದನಿಯಲ್ಲಿ ಹೇಳಿ, ಅದಕ್ಕೆ ಎಲ್ಲವೂ ಗೊತ್ತಿದೆ, ತನ್ನನ್ನು ತಾನೇ ಸಂತೈಸಿಕೊಳ್ಳುತ್ತಿದೆ. ಕಾಗದದ ಮೇಲೆ ಎರಡಕ್ಕೂ ಅವೇ ಅಕ್ಷರಗಳು.

ಪಂಜರ ಮತ್ತು ಹಕ್ಕಿ ಕನ್ನಡದವರಿಗೆ ಹೊಸದಲ್ಲ. ‘ಗಿಳಿಯು ಪಂಜರದೊಳಿಲ್ಲ’ ಎಂಬ ಪುರಂದರದಾಸರ ಪದವನ್ನು ಸಾವಿನ ಮನೆಯ ಭಜನೆಯಲ್ಲಿ ಕೇಳಿದವರಿದ್ದೀರಿ. ಅಲ್ಲಿ ಪಂಜರ ದೇಹ, ಗಿಳಿ ಜೀವ. ಗಿಳಿ ಹಾರಿಹೋಗಿದೆ, ಬರಿದಾದ ಪಂಜರದ ಮುಂದೆ ನಾವು ನಿಂತಿದ್ದೇವೆ. ಉರ್ದುವಿನ ಹಕ್ಕಿ ಸಾಮಾನ್ಯವಾಗಿ ಹಾರಿಹೋಗುವುದಿಲ್ಲ. ಅದು ಒಳಗೇ ಕೂತು ಮಾತನಾಡುತ್ತದೆ, ತೋಟವನ್ನು ನೆನೆಯುತ್ತದೆ. ನಮ್ಮ ಪದದಲ್ಲಿ ನೋಡುವವರು ಹೊರಗಿನವರು, ಇಂಥ ದ್ವಿಪದಿಗಳ ಮಾಲೆಯಾದ ಗಜಲ್‌ನಲ್ಲಿ ನೋಡುವುದು ಒಳಗಿನಿಂದ. ಕಥೆಯನ್ನು ಯಾರ ಬಾಯಿಂದ ಹೇಳಿಸಬೇಕು ಎಂಬ ಕಾದಂಬರಿಕಾರನ ತಲೆನೋವನ್ನು ಗಜಲ್ ಬಹಳ ಹಿಂದೆಯೇ ಅನುಭವಿಸಿದೆ ಎಂದು ನನಗೆ ಅನ್ನಿಸುವುದು ಇದರಿಂದಲೇ.

ಪಂಜರ, ಬೇಟೆಗಾರ, ಗೂಡು, ಸಿಡಿಲು, ಗುಲಾಬಿ, ಬುಲ್‌ಬುಲ್, ದೀಪ, ಪತಂಗ, ಮದ್ಯ ಸುರಿದುಕೊಡುವ ಸಾಕಿ, ಮಧುಶಾಲೆ. ಉರ್ದು ಕಾವ್ಯದ ಪ್ರತಿಮೆಗಳ ಪೆಟ್ಟಿಗೆಯಲ್ಲಿ ಇರುವುದು ಹೆಚ್ಚುಕಡಿಮೆ ಇಷ್ಟೇ. ಬಹುಪಾಲು ಇರಾನಿನ ಪಾರ್ಸಿ ಭಾಷೆಯಿಂದ ಬಂದದ್ದು, ಊರ ಬಾವಿಯ ನೀರಿನ ಹಾಗೆ ಎಲ್ಲರಿಗೂ ಸೇರಿದ್ದು. ಯಾರೂ ನುಡಿಯದ ಹೊಸ ಹೋಲಿಕೆ ತರುವವನು ದೊಡ್ಡ ಕವಿ ಎಂದು ನಾವು ನಂಬಿದ್ದೇವಲ್ಲ, ಅಲ್ಲಿ ಲೆಕ್ಕವೇ ಬೇರೆ. ಸಾವಿರ ಜನ ಮುಟ್ಟಿ ಸವೆಸಿದ ಶಬ್ದದಿಂದ ಹೊಸ ಅರ್ಥ ಹೊರಡಿಸಬೇಕು. ವಿಮರ್ಶಕ ಶಮ್ಸುರ್ ರೆಹಮಾನ್ ಫಾರೂಕಿ ಅವರು ಹಳೆಯ ಕಾವ್ಯಮೀಮಾಂಸೆಯಿಂದ ಎತ್ತಿ ತೋರಿಸಿದ ಎರಡು ಮಾತುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ‘ಮಜ್‌ಮೂನ್’ ಎಂದರೆ ಪದ್ಯ ಎತ್ತಿಕೊಂಡ ವಸ್ತು, ‘ಮಾನೀ’ ಎಂದರೆ ಅದರಿಂದ ಹುಟ್ಟುವ ಅರ್ಥ. ವಸ್ತು ಒಂದೇ ಇರಬಹುದು, ಅರ್ಥ ಕವಲೊಡೆಯುತ್ತಾ ಹೋಗುತ್ತದೆ.

ಆದ್ದರಿಂದಲೇ ‘ಸಾಕಿ ಎಂದರೆ ಗುರು, ಮದ್ಯ ಎಂದರೆ ಭಕ್ತಿ, ಪಂಜರ ಎಂದರೆ ಜೈಲು’ ಎಂದು ಪರೀಕ್ಷೆಯ ಗೈಡಿನ ಹಾಗೆ ಪಟ್ಟಿ ಮಾಡಿಕೊಡುವವರನ್ನು ಕಂಡರೆ ನನಗೆ ರೇಗುತ್ತದೆ. ಮದ್ಯ ಕೆಲವು ಸಲ ಬರೀ ಮದ್ಯವೇ. ಗಾಲಿಬನಂತೂ ಕುಡಿಯುವುದನ್ನು ಮುಚ್ಚಿಟ್ಟವನಲ್ಲ.

ಈ ಪೆಟ್ಟಿಗೆಯ ಬಗ್ಗೆ ಉರ್ದುವಿನವರೇ ಬೇಸರಪಟ್ಟದ್ದುಂಟು. ‘ಆಬ್-ಎ-ಹಯಾತ್’ ಎಂಬ 1880ರ ಗ್ರಂಥದಲ್ಲಿ ಮುಹಮ್ಮದ್ ಹುಸೇನ್ ಆಜಾದ್ ಅವರು, ಇಲ್ಲಿನ ಕೋಗಿಲೆ, ಸಂಪಿಗೆಗಳನ್ನು ಮರೆತು ಕಣ್ಣಿಂದ ಕಾಣದ ಇರಾನಿನ ಹಕ್ಕಿ, ಹೂಗಳನ್ನು ಹಾಡುವುದೇಕೆ ಎಂದು ಆಕ್ಷೇಪಿಸಿದರು. ಮಾತು ಸುಳ್ಳಲ್ಲ. ನಮ್ಮ ಪಿಕಳಾರವನ್ನೂ ಬುಲ್‌ಬುಲ್ ಎನ್ನುತ್ತಾರೆ, ಆದರೆ ಪಾರ್ಸಿ ಕಾವ್ಯದಲ್ಲಿ ಗುಲಾಬಿಗಾಗಿ ಹಾಡುವ ಬುಲ್‌ಬುಲ್ ಬೇರೆಯೇ ಹಕ್ಕಿ. 1893ರಲ್ಲಿ ಕವಿ, ವಿಮರ್ಶಕ ಅಲ್ತಾಫ್ ಹುಸೇನ್ ಹಾಲಿ ಅವರೂ ಗಜಲ್‌ನ ಸವಕಲುತನವನ್ನು ಚೆನ್ನಾಗಿಯೇ ಝಾಡಿಸಿದರು.

ಅವರು ಆಕ್ಷೇಪಿಸಿದ್ದು ದಿಲ್ಲಿ, ಲಖನೌಗಳ ಕಾವ್ಯವನ್ನು. ಅದಕ್ಕೆ ಬಹಳ ಮೊದಲು, ನಮ್ಮ ವಿಜಯಪುರದಲ್ಲಿ, ಈ ಭಾಷೆಯ ದಖನಿ ರೂಪ ಬೇರೆಯೇ ದಾರಿ ಹಿಡಿದಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿ ಇದೆ. ಅದೇ ವಿಜಯಪುರದ ಆಸ್ಥಾನದಲ್ಲಿ ನುಸ್ರತಿ 1657ರಲ್ಲಿ ಮುಗಿಸಿದ ‘ಗುಲ್ಶನ್-ಎ-ಇಶ್ಕ್’ ಮನೋಹರ–ಮಧುಮಾಲತಿಯರ ಕಥೆ. ದಖನಿ ಪ್ರೇಮಪದ್ಯಗಳಲ್ಲಿ ‘ನಾನು’ ಎನ್ನುವ ದನಿ ಎಷ್ಟೋ ಕಡೆ ಹೆಣ್ಣಿನದು. ಉತ್ತರದ ಗಜಲ್‌ನಲ್ಲಿ ಆ ಹೆಣ್ಣುದನಿ ಬಹುಮಟ್ಟಿಗೆ ಅಡಗಿಹೋಯಿತು.

ಸವೆದ ನಾಣ್ಯ ಎಂದು ಹಾಲಿ ಬೇಸರಪಟ್ಟ ಪಂಜರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬೆಲೆ ಬಂತು. ಕವಿ ಫೈಜ್ ಅಹ್ಮದ್ ಫೈಜ್ ಅವರನ್ನು 1951ರ ಮಾರ್ಚಿನಲ್ಲಿ ಪಾಕಿಸ್ತಾನದ ಸರ್ಕಾರ, ತನ್ನನ್ನು ಉರುಳಿಸಲು ಹೊರಟರೆಂಬ ರಾವಲ್ಪಿಂಡಿ ಸಂಚಿನ ಮೊಕದ್ದಮೆಯಲ್ಲಿ ಬಂಧಿಸಿತು. ನಾಲ್ಕು ವರ್ಷಗಳ ಸೆರೆ. ಅಲ್ಲಿ ಬರೆದ ಒಂದು ಗಜಲನ್ನು ಮೆಹದಿ ಹಸನ್ ಅವರ ಕಂಠದಲ್ಲಿ ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ, ‘ಗುಲೋಂ ಮೇಂ ರಂಗ್ ಭರೇ’. ಅದರ ಎರಡನೆಯ ದ್ವಿಪದಿ ‘ಕಫಸ್ ಉದಾಸ್ ಹೈ ಯಾರೋ, ಸಬಾ ಸೇ ಕುಛ್ ತೋ ಕಹೋ’ ಎಂದು ತೊಡಗುತ್ತದೆ. ಪಂಜರ ಮಂಕಾಗಿದೆ ಗೆಳೆಯರೇ, ಬೆಳಗಿನ ಗಾಳಿಗೆ ಏನಾದರೂ ಹೇಳಿ, ಇಂದು ಎಲ್ಲಾದರೂ ಆ ಪ್ರಿಯೆಯ ಮಾತು ನಡೆಯಲಿ. ಗಾಲಿಬನ ಪೆಟ್ಟಿಗೆಯದೇ ಶಬ್ದ. ಆದರೆ ಈ ಪಂಜರಕ್ಕೆ ನಿಜವಾದ ಬೀಗ ಇತ್ತು. ‘ಪಂಜರ ಮಂಕಾಗಿದೆ’ ಎನ್ನುತ್ತಾರೆಯೇ ಹೊರತು ‘ನಾನು ಮಂಕಾಗಿದ್ದೇನೆ’ ಎನ್ನುವುದಿಲ್ಲ, ಗಮನಿಸಿ. ತನ್ನ ದುಃಖವನ್ನು ಗೋಡೆಗಳಿಗೆ ವಹಿಸಿ ಕವಿ ಪಕ್ಕಕ್ಕೆ ಸರಿದಿದ್ದಾರೆ.

ಗಜಲ್‌ನ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರನ್ನು ತರುವುದು ಪದ್ಧತಿ. ನಮ್ಮ ವಚನದ ಅಂಕಿತ ನೆನಪಾಗುತ್ತದೆ. ವ್ಯತ್ಯಾಸವೆಂದರೆ ವಚನಕಾರರು ಕೊನೆಗೆ ದೇವರ ಹೆಸರಿಗೆ ಸಲ್ಲುತ್ತಾರೆ, ಗಜಲ್‌ನವನು ತನ್ನನ್ನೇ ಹೊರಗೆ ನಿಲ್ಲಿಸಿ ಕರೆಯುತ್ತಾನೆ. ಫೈಜ್ ಇಲ್ಲಿ ಹೇಳುವುದು ಇಷ್ಟು: ದಾರಿಯಲ್ಲಿ ಯಾವ ತಾಣವೂ ಹಿಡಿಸಲಿಲ್ಲ ಫೈಜ್, ‘ಕೂ-ಎ-ಯಾರ್’ನಿಂದ ಹೊರಟವರು ನೇರ ‘ಸೂ-ಎ-ದಾರ್’ಗೆ ನಡೆದೆವು. ಪ್ರಿಯೆಯ ಬೀದಿಯಿಂದ ಗಲ್ಲಿನ ಕಡೆಗೆ. ‘ದಾರ್’ ಎಂದೊಡನೆ ಉರ್ದು ಕೇಳುಗನಿಗೆ 922ರಲ್ಲಿ ಬಾಗ್ದಾದಿನಲ್ಲಿ ಕೊಲ್ಲಿಸಿಕೊಂಡ ಸೂಫಿ ಮನ್ಸೂರ್ ಹಲ್ಲಾಜ್ ನೆನಪಾಗುತ್ತಾನೆ. ಬರೆದವರ ಮೇಲಿದ್ದದ್ದೂ ಮರಣದಂಡನೆಯವರೆಗೆ ಹೋಗಬಹುದಾಗಿದ್ದ ಮೊಕದ್ದಮೆ. ಸಾವಿರ ವರ್ಷದ ಹಳೆಯ ಪ್ರತಿಮೆಯೂ ಆ ಕಾಲದ ಕೋರ್ಟಿನ ಸುದ್ದಿಯೂ ಒಂದೇ ಶಬ್ದದಲ್ಲಿ ಕೂತಿವೆ.

ಇನ್ನು ಕಾದಂಬರಿಗೆ ಬರುತ್ತೇನೆ, ಆದರೆ ಪ್ರಾಸದ ಬಾಗಿಲಿನಿಂದ. ಹಳಗನ್ನಡದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಬರುತ್ತದೆ, ಗಜಲ್‌ನದು ಸಾಲಿನ ತುದಿಯಲ್ಲಿ. ಮೊದಲು ಬದಲಾಗುವ ಪ್ರಾಸಪದ, ಅದು ಕಾಫಿಯಾ. ಅದರ ಬೆನ್ನಿಗೆ ಬದಲಾಗದೆ ಮರಳುವ ಮಾತು, ಅದು ರದೀಫ್. ಆಗ ಹೇಳಿದ ಗಾಲಿಬನ ಗಜಲ್‌ನ ರದೀಫ್ ‘ಕ್ಯೋಂ ಹೋ’. ಮೊದಲ ದ್ವಿಪದಿಯಲ್ಲಿ ಅದು, ಎದೆಯಲ್ಲಿ ಹೃದಯವೇ ಇಲ್ಲದ ಮೇಲೆ ಬಾಯಲ್ಲಿ ನಾಲಗೆ ಯಾಕಿರಬೇಕು ಎಂಬ ಪ್ರೇಮಿಯ ಜಾಣ್ಮೆ. ಪಂಜರದ ಹಕ್ಕಿಯ ಬಾಯಲ್ಲಿ ಅದೇ ಮಾತಿನಲ್ಲಿ ಭಯ ತುಂಬಿದೆ. ಎರಡು ದ್ವಿಪದಿಗಳ ನಡುವೆ ಕಥೆಯ ಸಂಬಂಧ ಇರಬೇಕಾಗಿಲ್ಲ. ಮರಳಿ ಬರುವ ಮಾತು ಒಂದೇ ಅವನ್ನು ಹೆಣೆದಿರುತ್ತದೆ. ಕನ್ನಡದಲ್ಲಿ ಗಜಲ್ ಬರೆಯಲು ಹೊರಟವರಿಗೂ, ರಾಯಚೂರಿನ ಶಾಂತರಸರಿಂದ ಮೊದಲುಗೊಂಡು, ಎದುರಾದ ಸವಾಲು ಇದೇ. ರದೀಫ್ ಮರಳಬೇಕು, ಆದರೆ ಬೇಸರ ತರಿಸಬಾರದು.

ಕುರ್ರತುಲೈನ್ ಹೈದರ್ ಅವರ ‘ಆಗ್ ಕಾ ದರಿಯಾ’ ಕಾದಂಬರಿ 1959ರಲ್ಲಿ ಬಂತು. ಬೆಂಕಿಯ ನದಿ ಎಂದು ಅದರ ಅರ್ಥ. ಈ ಪ್ರೀತಿ ಸುಲಭವಲ್ಲ, ಇದೊಂದು ಬೆಂಕಿಯ ನದಿ, ಮುಳುಗಿಯೇ ದಾಟಬೇಕು ಎಂಬ ಜಿಗರ್ ಮುರಾದಾಬಾದಿ ಅವರ ದ್ವಿಪದಿಯಿಂದ ಎತ್ತಿಕೊಂಡ ಹೆಸರು. ಪ್ರೇಮಿಯೊಬ್ಬ ದಾಟಬೇಕಾದ ನದಿಯನ್ನು ಲೇಖಕಿ ಒಂದು ನಾಡಿನ ಇಡೀ ಚರಿತ್ರೆಯ ನದಿಯನ್ನಾಗಿ ಹರಿಯಬಿಟ್ಟರು. ಚಂದ್ರಗುಪ್ತ ಮೌರ್ಯನ ಕಾಲದಿಂದ ದೇಶವಿಭಜನೆಯ ಆಚೆಯವರೆಗೆ ಕಥೆ ಸಾಗುತ್ತದೆ. ಸಾಧಾರಣವಾಗಿ ಇಂಥ ಕಥೆಯನ್ನು ವಂಶಾವಳಿಯ ದಾರದಲ್ಲಿ ಪೋಣಿಸುತ್ತಾರೆ, ಅಜ್ಜ, ಮಗ, ಮೊಮ್ಮಗ ಎಂದು. ಇಲ್ಲಿ ವಂಶವಿಲ್ಲ, ಹೆಸರುಗಳಿವೆ. ಗೌತಮ ನೀಲಾಂಬರ ಎಂಬ ವಿದ್ಯಾರ್ಥಿ ಮೊದಲ ಭಾಗದಲ್ಲಿ ಸರಯೂ ನದಿಯನ್ನು ಈಜಿ ದಾಟುತ್ತಾನೆ. ಶತಮಾನಗಳ ಮೇಲೆ ಕಂಪನಿ ಸರ್ಕಾರದ ಕಾಲದಲ್ಲಿ ಒಬ್ಬ ಗೌತಮ ನೀಲಾಂಬರ ಬರುತ್ತಾನೆ, ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಬ್ಬ. ಚಂಪಕ ಎಂಬವಳು ಚಂಪಾವತಿಯಾಗುತ್ತಾಳೆ, ಲಖನೌದ ಚಂಪಾ ಜಾನ್ ಆಗುತ್ತಾಳೆ, ಕೊನೆಗೆ ಚಂಪಾ ಅಹ್ಮದ್. ಜೌನ್‌ಪುರದ ಸುಲ್ತಾನರ ಕಾಲಕ್ಕೆ ಹೊರನಾಡಿನಿಂದ ಬಂದ ಕಮಾಲುದ್ದೀನ್ ಈ ಮಣ್ಣಿನವನಾಗಿಬಿಡುತ್ತಾನೆ. ವಿಭಜನೆಯ ಕಾಲದ ಕಮಾಲ್ ಅದೇ ಮಣ್ಣನ್ನು ಬಿಟ್ಟು ಪಾಕಿಸ್ತಾನಕ್ಕೆ ಹೋಗಬೇಕಾಗುತ್ತದೆ.

ಇದನ್ನು ಪುನರ್ಜನ್ಮ ಎಂದು ಓದುವವರಿದ್ದಾರೆ, ಓದಲಿ. ನನಗೆ ಅದು ರದೀಫ್. ಹೆಸರು ಮರಳುತ್ತದೆ, ಅದರ ಮುಂದಿನ ಸಾಲು ಬದಲಾಗಿರುತ್ತದೆ. ಒಂದು ಯುಗಕ್ಕೂ ಇನ್ನೊಂದಕ್ಕೂ ನಡುವೆ ಲೇಖಕಿ ಸೇತುವೆ ಕಟ್ಟುವುದಿಲ್ಲ, ದ್ವಿಪದಿಗಳ ನಡುವೆ ಇರುವಂಥ ಖಾಲಿ ಜಾಗ ಬಿಡುತ್ತಾರೆ. ಚಂಪಾ ಎಂಬ ಹೆಸರು ಕೇಳಿದಾಗಲೆಲ್ಲ ಹಿಂದಿನ ಚಂಪಾ ಓದುಗನ ಕಿವಿಯಲ್ಲಿ ಮಿಡಿಯುತ್ತಾಳೆ. ಆದರೆ ಕಥೆಯೊಳಗಿನ ಚಂಪಾಗೆ ಅದು ತಿಳಿಯದು. ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ಓದುವ ಗೆಳೆಯರ ಮಾತುಕತೆ ನನಗೆ ಕೊಂಚ ಉದ್ದವೆನಿಸಿದ್ದುಂಟು. ಹಾಗಿದ್ದೂ ಕಮಾಲ್ ಹೊರಡುವ ಹೊತ್ತಿಗೆ, ಮೊದಲು ಬಂದ ಕಮಾಲ್ ನೆನಪಾಗಿ, ಪುಸ್ತಕ ಕೆಳಗಿಡಬೇಕಾಯಿತು.

ಸಾದತ್ ಹಸನ್ ಮಂಟೊ ಅವರ ‘ಟೋಬಾ ಟೇಕ್ ಸಿಂಗ್’ ಸಣ್ಣಕಥೆ. ಕಾದಂಬರಿಯ ಮಾತಿನ ನಡುವೆ ಅದನ್ನು ತರುವುದಕ್ಕೆ ಕಾರಣವಿದೆ. ಹುಚ್ಚಾಸ್ಪತ್ರೆಯ ಬಿಶನ್ ಸಿಂಗ್ ಅರ್ಥವಿಲ್ಲದ ಒಂದೇ ವಾಕ್ಯವನ್ನು ಗೊಣಗುತ್ತಿರುತ್ತಾನೆ, ಅದರಲ್ಲಿ ಹೆಸರುಬೇಳೆಯೂ ಇದೆ, ಲಾಟೀನೂ ಇದೆ. ವಿಭಜನೆಯ ಸುದ್ದಿ ಕಿವಿಗೆ ಬಿದ್ದ ಮೇಲೆ ವಾಕ್ಯದ ಬಾಲ ಬದಲಾಗುತ್ತದೆ. ಲಾಟೀನಿನ ಜಾಗಕ್ಕೆ ಪಾಕಿಸ್ತಾನ ಸರ್ಕಾರ ಬರುತ್ತದೆ, ಅದನ್ನೂ ತಳ್ಳಿ ತನ್ನ ಊರಾದ ಟೋಬಾ ಟೇಕ್ ಸಿಂಗ್‌ನ ಹೆಸರು ಬರುತ್ತದೆ. ಇಲ್ಲಿ ತಲೆಕೆಳಗಾದ ಗಜಲ್ ಇದೆ. ಉಳಿದದ್ದೆಲ್ಲ ಹಾಗೇ ಇದ್ದು ತುದಿ ಮಾತ್ರ ಕದಲುತ್ತದೆ.

ಇಂತಿಜಾರ್ ಹುಸೇನ್ ಅವರ ‘ಬಸ್ತೀ’ಯನ್ನು ಹೆಸರಿಸಿ ಮುಂದೆ ಹೋಗುತ್ತೇನೆ. 1979ರ ಆ ಕಾದಂಬರಿಯ ನಾಯಕನ ಹೆಸರು ಜಾಕಿರ್, ಅಂದರೆ ನೆನೆಯುವವನು. ಬಿಟ್ಟುಬಂದ ರೂಪನಗರದ ನೆನಪಿನಲ್ಲಿಯೇ ಅವನು 1971ರ ಯುದ್ಧವನ್ನು ಕಾಣುತ್ತಾನೆ. ಅದೂ ಪಂಜರದೊಳಗಿನಿಂದ ಕೇಳುವ ತೋಟದ ಸುದ್ದಿಯೇ.

ಕೊನೆಗೆ ಉಳಿಸಿಕೊಂಡದ್ದು ನನಗೆ ಬಹಳ ಇಷ್ಟವಾದ ಪುಸ್ತಕ, ಮಿರ್ಜಾ ಹಾದಿ ರುಸ್ವಾ ಅವರು 1899ರಲ್ಲಿ ಪ್ರಕಟಿಸಿದ ‘ಉಮ್ರಾವ್ ಜಾನ್ ಅದಾ’. ಫೈಜಾಬಾದಿನ ಹುಡುಗಿ ಅಮೀರನ್‌ಳನ್ನು ಕದ್ದು ತಂದು ಲಖನೌದಲ್ಲಿ ಗಣಿಕೆಯರ ಮನೆ ನಡೆಸುವ ಖಾನಂ ಎಂಬವಳಿಗೆ ಮಾರುತ್ತಾರೆ. ಅವಳು ಉಮ್ರಾವ್ ಆಗುತ್ತಾಳೆ, ಹಾಡುತ್ತಾಳೆ, ‘ಅದಾ’ ಎಂಬ ಕಾವ್ಯನಾಮದಲ್ಲಿ ತಾನೇ ಪದ್ಯವನ್ನೂ ಬರೆಯುತ್ತಾಳೆ. ಕಥೆ ಸಿನಿಮಾಗಳಿಂದ ನಿಮಗೆ ಗೊತ್ತು. ಸಿನಿಮಾದಿಂದ ಗೊತ್ತಾಗದ್ದು ಅದನ್ನು ಹೇಳಿರುವ ಬಗೆ. ಲೇಖಕ ರುಸ್ವಾ ತಾವೇ ಒಂದು ಪಾತ್ರವಾಗಿ ಒಳಗೆ ಕೂತಿದ್ದಾರೆ. ಅವಳು ಹೇಳುತ್ತಾಳೆ, ಅವರು ನಡುನಡುವೆ ಕೆಣಕುತ್ತಾರೆ, ಪದ್ಯಕ್ಕೆ ಪದ್ಯ ಎಸೆಯುತ್ತಾರೆ. ಅಧ್ಯಾಯಗಳ ಬಾಗಿಲಲ್ಲಿ ಒಂದೊಂದು ದ್ವಿಪದಿ ಕಾದಿರುತ್ತದೆ. ಅವಳು ಹೇಳಿದ್ದನ್ನು ರುಸ್ವಾ ಗುಟ್ಟಾಗಿ ಬರೆದಿಟ್ಟು, ಮುಗಿದ ಮೇಲೆ ಕೈಬರಹವನ್ನು ಅವಳ ಕೈಗೇ ಕೊಡುತ್ತಾರೆ. ಓದಿ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಹರಿದು ಚೂರು ಮಾಡಿಬಿಡೋಣ ಎನ್ನಿಸಿತಂತೆ. ತನ್ನ ಕಥೆಯನ್ನು ಇನ್ನೊಬ್ಬರ ಅಕ್ಷರದಲ್ಲಿ ಕಂಡ ಹೆಣ್ಣಿನ ಸಿಟ್ಟು ಅದೇ ಕಥೆಯೊಳಗೆ ಅಚ್ಚಾಗಿದೆ. 1899ರಲ್ಲಿ, ಕಾದಂಬರಿ ಎಂಬುದೇ ಉರ್ದುವಿಗೆ ಮೂರು ದಶಕದ ಕೂಸಾಗಿದ್ದಾಗ.

ಇಷ್ಟಕ್ಕೂ ಈ ಕಥೆ ಶುರುವಾಗುವುದು ಹೇಗೆ ಗೊತ್ತೇ? ಗೆಳೆಯನ ಬಾಡಿಗೆಮನೆಯಲ್ಲಿ ಸಂಜೆ ಕವಿಗಳು ಸೇರಿದ್ದಾರೆ. ರುಸ್ವಾ ಒಂದು ದ್ವಿಪದಿ ಓದುತ್ತಾರೆ. ಪಕ್ಕದ ಕೋಣೆಯ ಕಿಟಕಿಗೆ ಪರದೆ ಇಳಿಬಿಟ್ಟಿದೆ. ಆ ಪರದೆಯ ಹಿಂದಿನಿಂದ ‘ವಾಹ್ ವಾಹ್’ ಎಂಬ ದನಿ ಬರುತ್ತದೆ, ಯಾರದೆಂದು ಯಾರಿಗೂ ತಿಳಿಯದು. ಕೇಳುತ್ತಿದ್ದವಳು ತಡೆಯಲಾರದೆ ಅಂದ ಆ ಒಂದು ಮೆಚ್ಚುಗೆಯ ಮಾತಿನಿಂದ ಉಮ್ರಾವ್ ಕೂಟದೊಳಗೆ ಬರುತ್ತಾಳೆ, ಪುಸ್ತಕದೊಳಗೂ.

ಬಾನುಲಿಯಲ್ಲಿ ಮಾತನಾಡುವವನ ಮುಂದೆಯೂ ಇಂಥದೇ ಒಂದು ಪರದೆ ಇದೆ. ಇದು ಗಾಜಿನದು, ಇದರ ಆಚೆ ನೀವಿದ್ದೀರಿ. ಗಾಲಿಬನ ಸಾಲನ್ನು ಎರಡನೆಯ ಸಲ ಹೇಳಿದಾಗ ನಿಮ್ಮಲ್ಲಿ ಯಾರಾದರೂ ‘ವಾಹ್’ ಎಂದಿದ್ದರೆ ಅದು ನನಗೆ ಕೇಳಿಸಿಲ್ಲ.

ನಮಸ್ಕಾರ.