ನಂಜಮ್ಮ ಎಂಬ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರು, ಮಂಡ್ಯ ಸೀಮೆಯ ಹಳ್ಳಿಗಳಲ್ಲಿ "ನಂಜಮ್ಮೋರ ಮನೆ ಯಾವುದವ್ವಾ?" ಅಂತ ಕೇಳಿ ನೋಡಿ. "ಯಾವ ನಂಜಮ್ಮ? ದೊಡ್ಡನಂಜಮ್ಮನಾ, ಪುಟ್ಟನಂಜಮ್ಮನಾ?" ಅಂತ ಅವರೇ ತಿರುಗಿ ಕೇಳುತ್ತಾರೆ. ಅಜ್ಜಿಯ ಹೆಸರು ಉಳಿಯಲಿ ಎಂದು ಮೊಮ್ಮಗಳಿಗೂ ಅದನ್ನೇ ಇಡುತ್ತಿದ್ದ ಕಾಲದಲ್ಲಿ, ಒಂದೇ ಮನೆಯ ಇಬ್ಬರನ್ನು ಗುರುತಿಸಲು ಹುಟ್ಟಿದ ದೊಡ್ಡ, ಪುಟ್ಟಗಳಿವು.

ಹೆಸರಿನ ಬೇರು ಕಪಿಲೆಯ ದಡದ ನಂಜನಗೂಡಿನಲ್ಲಿದೆ. ನಂಜು ಎಂದರೆ ವಿಷ. ಹಾಲಾಹಲ ಕುಡಿದು ಗಂಟಲಲ್ಲೇ ತಡೆದವನು ನಂಜುಂಡ. ನಮ್ಮ ಕಡೆ ಗಾಯ ಕೀವು ಕಟ್ಟಿದರೆ ಇವತ್ತಿಗೂ "ನಂಜಾಗಿದೆ" ಅನ್ನುತ್ತೇವೆ. ಆ ನಂಜನ್ನು ಇಳಿಸುವ ದೇವರೆಂದೇ ಜನ ಹೊಳೆಯಲ್ಲಿ ಮುಳುಗೆದ್ದು, ಮುಡಿ ಕೊಟ್ಟು, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡುತ್ತಾರೆ. ಹೆಸರಿನಲ್ಲಿ ವಿಷವಿದೆಯಲ್ಲಾ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ನೋವಾಗುತ್ತದೆ. ಸಿಡುಬು, ಪ್ಲೇಗು ಮನೆಮನೆ ಹೊಕ್ಕು ಮಕ್ಕಳನ್ನು ಒಯ್ಯುತ್ತಿದ್ದ ದಿನಗಳಲ್ಲಿ, ಈ ಕೂಸಾದರೂ ಉಳಿಯಲಪ್ಪಾ ಎಂದು ತಾಯಂದಿರು ಹರಕೆ ಹೊತ್ತು ಇಟ್ಟ ಹೆಸರಿದು.

ಗುಡಿಸಲಿನಲ್ಲಿದ್ದ ಈ ಹೆಸರು ಅರಮನೆಯಲ್ಲೂ ಇತ್ತು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜರಿಗಿನ್ನೂ 10 ವರ್ಷ. ಆಗ ರಾಜ್ಯದ ಹೊಣೆ ಹೊತ್ತವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸುವವರೆಗೂ ಆಡಳಿತ ನಡೆಸಿದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದ್ದೂ ಅದೇ ವರ್ಷ. ವಾಣಿವಿಲಾಸ ಸನ್ನಿಧಾನ ಎಂಬುದು ಅವರ ಬಿರುದು. ಮೈಸೂರಿನವರು ದಿನಾ ವಿ.ವಿ. ಮೊಹಲ್ಲಾ ಅನ್ನುತ್ತೇವೆ, ಅದರ ಹಿಂದೊಬ್ಬ ನಂಜಮ್ಮ ಇದ್ದಾರೆಂಬುದು ಎಷ್ಟು ಜನಕ್ಕೆ ನೆನಪಿರುತ್ತದೆ?

ಈಗಲೂ ನಾಮಕರಣದ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಅಜ್ಜಿಯ ಹೆಸರು ಬರೆಯುವ ಮನೆಗಳಿವೆ. ಕೂಸಿನ ಕಿವಿಯಲ್ಲೂ ಅದನ್ನೇ ಹೇಳುತ್ತಾರೆ. ಜನನ ಪ್ರಮಾಣಪತ್ರಕ್ಕೆ ಮಾತ್ರ ಬೇರೊಂದು ಹೆಸರು ಹೋಗುತ್ತದೆ. ಹೊಸ ಹೆಸರು ಇಡಬೇಡಿ ಎಂದು ನಾನು ಹೇಳಲಾರೆ. ಆದರೆ ಹೆಣ್ಣುಮಗುವಿಗೆ ಹೆಸರು ಹುಡುಕುತ್ತಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ ಇದೆ: ಮನೆಯಲ್ಲಿ ನಂಜಮ್ಮನೆಂಬ ಅಜ್ಜಿ ಇದ್ದರೆ, ಆ ಹೆಸರನ್ನು ಪ್ರಮಾಣಪತ್ರದಲ್ಲೂ ಬರೆಸಿ.

ನಮಸ್ಕಾರ.