ಸುವಾದಲ್ಲಿ ಹಡಗಿನಿಂದ ಇಳಿಯಿರಿ

ನಮಸ್ಕಾರ. ಇವತ್ತು ಕ್ರೂಸ್ ಕ್ಯಾಬಿನ್ ಆರಿಸುವುದು ಹೇಗೆ ಅಂತ ಹೇಳಬೇಕಿತ್ತು. ಅದು ಮುಂದಿನ ವಾರ. ಯಾಕಂದ್ರೆ ಹಳೇ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಫಿಜಿಯ ಸುವಾದಲ್ಲಿ ನೋಡೋಕೆ ಏನೂ ಇಲ್ಲ. ನಾವು ಇಳಿಯಲೇ ಇಲ್ಲ. ಈಜುಕೊಳ ಖಾಲಿ ಇತ್ತು, ಮಜಾ ಮಾಡಿದ್ವಿ." ಅದಕ್ಕೆ ಸಾಲು ಸಾಲು ಲೈಕು. ಇಲ್ಲಿ ಸಿಡ್ನಿಯಲ್ಲಿ ನಮ್ಮ ಕನ್ನಡದ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ಹಬ್ಬದ ಊಟಕ್ಕೆ ಕೂತಾಗ ಯಾರೋ ಒಬ್ಬರು ಶುರು ಮಾಡುತ್ತಾರೆ, ಉಳಿದವರು ಹೌದು ಹೌದು ಅನ್ನುತ್ತಾರೆ.

ಏನೂ ಇಲ್ವಾ? ಸ್ವಾಮಿ, ನೀವು ಇಳಿಯಲೇ ಇಲ್ಲ. ಇಳಿಯದೆ ಹೇಗೆ ಗೊತ್ತಾಯಿತು?

ಹಡಗು ಕಟ್ಟುವುದು ಕಿಂಗ್ಸ್ ವಾರ್ಫ್‌ನಲ್ಲಿ. ಗೇಟು ದಾಟಿದರೆ ಪಕ್ಕದಲ್ಲೇ ಸುವಾದ ದೊಡ್ಡ ಮಾರುಕಟ್ಟೆ. ಟ್ಯಾಕ್ಸಿ ಬೇಡ, ಟೂರು ಬೇಡ, ಕಾಲು ಸಾಕು. ಒಳಗೆ ಹೆಂಗಸರು ತರಕಾರಿಯನ್ನು ಗುಡ್ಡೆ ಗುಡ್ಡೆ ಮಾಡಿ ಇಟ್ಟಿರುತ್ತಾರೆ. ತೂಕ ಇಲ್ಲ, ಗುಡ್ಡೆಗೆ ಇಷ್ಟು ಅಂತ ಬೆಲೆ. ಕೆಸುವಿನ ಗಡ್ಡೆ ಇದೆ, ಅವರು ಡಾಲೊ ಅನ್ನುತ್ತಾರೆ. ಕೆಸುವಿನ ಎಲೆ ಕಟ್ಟುಕಟ್ಟಾಗಿ ಇದೆ. ನಾವು ಪತ್ರೊಡೆ ಮಾಡುವ ಅದೇ ಎಲೆ, ಅವರು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಜೀಗುಜ್ಜೆ, ಅಂದರೆ ದಿವಿಹಲಸು, ಇದೆ. ಮಂಗಳೂರಿನವರೇ, ಕೇಳಿಸ್ತಾ? ಜೀಗುಜ್ಜೆ! ಮರಗೆಣಸು, ಹಸಿ ಅರಿಶಿನ, ಮೆಣಸಿನಕಾಯಿ. ಮಹಡಿ ಹತ್ತಿದರೆ ಯಂಗೋನಾ, ಅಂದರೆ ಅಲ್ಲಿನವರು ಪುಡಿ ಮಾಡಿ ನೀರಲ್ಲಿ ಕಲಸಿ ಕುಡಿಯುವ ಕಾವಾ ಬೇರು, ಒಣಗಿಸಿ ಜೋಡಿಸಿಟ್ಟಿದ್ದಾರೆ. ಅದರ ಹತ್ತಿರವೇ ಮಸಾಲೆ ಅಂಗಡಿಗಳು. ಭೂಜಾ ಅಂತ ಖಾರದ ಮಿಕ್ಸ್ಚರ್ ಸಣ್ಣ ಪೊಟ್ಟಣದಲ್ಲಿ ಮಾರುತ್ತಾರೆ. ಮಾರುವ ಅಕ್ಕ ನಿಮ್ಮ ಮುಖ ನೋಡಿದ ತಕ್ಷಣ ಹಿಂದಿಯಲ್ಲಿ ಮಾತಿಗೆ ಶುರು ಮಾಡುತ್ತಾರೆ. ಯಾವೂರು, ಎಷ್ಟು ಮಕ್ಕಳು, ಎಲ್ಲ ವಿಚಾರಿಸುತ್ತಾರೆ.

ಇದು "ಏನೂ ಇಲ್ಲ"ವಾ?

ಆ ಅಕ್ಕ ಅಲ್ಲಿ ಯಾಕಿದ್ದಾರೆ ಅನ್ನುವುದು ನನಗೆ ಇನ್ನೂ ಮುಖ್ಯ. 1879ರ ಮೇ 14ರಂದು ಲಿಯೊನಿಡಾಸ್ ಅನ್ನುವ ಹಡಗು ಕಲ್ಕತ್ತಾದಿಂದ ಫಿಜಿಗೆ ಬಂತು. ಅದರಲ್ಲಿದ್ದವರು ಐದು ವರ್ಷದ ಕರಾರಿನ ಮೇಲೆ ಬಂದ ಕೂಲಿಯವರು. 1916ರವರೆಗೆ ಹೀಗೆ 60,000ಕ್ಕೂ ಹೆಚ್ಚು ಜನ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಆಗ ನಮ್ಮ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು, ನೆನಪಿರಲಿ. 1884ರಲ್ಲಿ ಸಿರಿಯಾ ಅನ್ನುವ ಹಡಗು ಸುವಾದಿಂದ ಹೆಚ್ಚು ದೂರವಿಲ್ಲದ ನಸಿಲಾಯ್ ಅನ್ನುವ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. 59 ಜನ ಸತ್ತರು. ಅದೇ ಸಮುದ್ರದಲ್ಲಿ ನೀವು ಈಜುಕೊಳದ ಹಡಗಿನಲ್ಲಿ ಹೋಗಿದ್ದೀರಿ. ಹೋಗಿ, ಖುಷಿಯಾಗಿ ಹೋಗಿ. ಆದರೆ ಬಂದರಿಗೆ ಬಂದ ಮೇಲೆ ಇಳಿಯಿರಿ!

ಇನ್ನೊಂದು ಮಾತು. ಆ ಕೂಲಿಯವರು ಕಬ್ಬು ಕಡಿದದ್ದು ಹೆಚ್ಚಾಗಿ ಸಿ.ಎಸ್.ಆರ್. ಕಂಪನಿಗೆ. ಆ ಸಕ್ಕರೆ ಕಂಪನಿ ಎಲ್ಲಿಯದು? ಸಿಡ್ನಿಯದು. 1855ರಲ್ಲಿ ಇಲ್ಲೇ ಶುರುವಾದದ್ದು. ನಾವು ಹಡಗು ಹತ್ತುವುದೂ ಸಿಡ್ನಿಯಲ್ಲೇ. ಅಲ್ಲಿಂದ ಇಲ್ಲಿಗೆ ಲಾಭ ಬಂದ ದಾರಿಯಲ್ಲೇ ನಾವು ರಜೆಗೆ ಹೋಗುತ್ತಿದ್ದೇವೆ. ಹೋಗಿ, ಒಂದು ಪೊಟ್ಟಣ ಭೂಜಾ ಕೂಡ ಕೊಳ್ಳದೆ ವಾಪಸ್ ಬಂದರೆ ಹೇಗೆ?

ಮಾರುಕಟ್ಟೆಯಿಂದ ವಿಕ್ಟೋರಿಯಾ ಪೆರೇಡ್ ಹಿಡಿದು ನಡೆಯಿರಿ. ಗ್ರ್ಯಾಂಡ್ ಪೆಸಿಫಿಕ್ ಹೋಟೆಲ್ ಸಿಗುತ್ತದೆ. 1914ರದ್ದು, ಕಟ್ಟಿಸಿದ್ದೇ ಒಂದು ಹಡಗು ಕಂಪನಿ, ತನ್ನ ಪ್ರಯಾಣಿಕರು ಇಳಿದು ತಂಗಲಿ ಅಂತ. ಆಗಿನವರು ಇಳಿಯುತ್ತಿದ್ದರು! ಎದುರಿಗೆ ಆಲ್ಬರ್ಟ್ ಪಾರ್ಕ್. 1928ರಲ್ಲಿ ಆಸ್ಟ್ರೇಲಿಯಾದ ಪೈಲಟ್ ಕಿಂಗ್ಸ್‌ಫರ್ಡ್ ಸ್ಮಿತ್ ಪೆಸಿಫಿಕ್ ದಾಟುವಾಗ ಸದರ್ನ್ ಕ್ರಾಸ್ ವಿಮಾನ ಇಳಿಸಿದ್ದು ಈ ಮೈದಾನದಲ್ಲಿ. ಸಿಡ್ನಿ ವಿಮಾನ ನಿಲ್ದಾಣಕ್ಕೆ ಇರುವುದು ಅವರದೇ ಹೆಸರು. ಅಲ್ಲೇ ಥರ್ಸ್ಟನ್ ಗಾರ್ಡನ್ಸ್, ಅದರೊಳಗೆ ಫಿಜಿ ಮ್ಯೂಸಿಯಂ. ರಾಟು ಫಿನಾವು ಅನ್ನುವ ಜೋಡಿ ದೋಣಿ ಅಲ್ಲಿದೆ. ನಾವಿಕರು ದಂಗೆ ಎದ್ದ ಹಳೇ ಬ್ರಿಟಿಷ್ ಹಡಗು ಬೌಂಟಿ, ಅದರ ಚುಕ್ಕಾಣಿ ಅಲ್ಲಿದೆ. ಗಿರ್ಮಿಟ್, ಅಂದರೆ ಆ ಐದು ವರ್ಷದ ಕರಾರಿನ ಮೇಲೆ ಬಂದ ಕೂಲಿಯವರ ವಸ್ತುಗಳೂ ಅಲ್ಲಿವೆ. ಅವುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಓಡಬೇಡಿ.

ಈಗ ನಿಮ್ಮ ತಕರಾರು ನನಗೆ ಗೊತ್ತು. "ಬೀಚ್ ಇಲ್ಲ." ಬೀಚ್ ಬೇಕಾದರೆ ಅದೇ ಪ್ರವಾಸದಲ್ಲಿ ಬೇರೆ ದ್ವೀಪಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಸುವಾ ರಾಜಧಾನಿ, ಜನ ಕೆಲಸ ಮಾಡುವ ಊರು. "ಮಳೆ ಬರುತ್ತದೆ." ಬರುತ್ತದೆ, ಜೋರಾಗಿಯೇ ಬರುತ್ತದೆ. ಕೊಡೆ ತಗೊಳ್ಳಿ. "ಕಳ್ಳರ ಕಾಟ." ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವಾಗ ಬ್ಯಾಗು ಹೇಗೆ ಹಿಡಿಯುತ್ತೀರೋ ಹಾಗೆ ಹಿಡಿಯಿರಿ, ಅಷ್ಟೇ. "ಹಡಗಿನಲ್ಲಿ ಊಟಕ್ಕೆ ದುಡ್ಡು ಕಟ್ಟಿದ್ದೇವೆ." ಈ ಮಾತಿಗೆ ನನಗೆ ನಿಜವಾಗಿ ಕೋಪ ಬರುತ್ತದೆ. ಸಾವಿರಾರು ಡಾಲರ್ ಕೊಟ್ಟು ಹೋದವರು ಒಂದು ರೊಟ್ಟಿ ಪಲ್ಯಕ್ಕೆ ಲೆಕ್ಕ ಹಾಕುತ್ತೀರಾ? ಹಡಗು ಬಂದ ದಿನ ನಾಲ್ಕು ಕಾಸು ಹುಟ್ಟುತ್ತದೆ ಅಂತ ಆ ಹೆಂಗಸರು ಬೆಳಗ್ಗೆಯಿಂದ ಕೂತಿರುತ್ತಾರೆ. ನೀವು ಮೇಲೆ ಮೂರನೇ ತಟ್ಟೆ ಪಾಸ್ತಾ ತಿನ್ನುತ್ತಿರುತ್ತೀರಿ.

ಹಡಗಿನ ಟೂರು ತಗೊಂಡರೆ ಆಗಲ್ವಾ ಅಂತ ಕೇಳುತ್ತೀರಿ. ತಗೊಳ್ಳಿ, ಆದರೆ ಅದರಲ್ಲಿ ಹಡಗಿನವರ ಪಾಲೂ ಇರುತ್ತದೆ. ಸುಮ್ನೆ ನಡೆದರೆ ಪೂರ್ತಿ ದುಡ್ಡು ಅಂಗಡಿಯ ಅಕ್ಕನ ಕೈಗೇ ಹೋಗುತ್ತದೆ.

ಕೆಲವು ವಿಷಯ ಬರೆದಿಟ್ಟುಕೊಳ್ಳಿ. ಹಡಗಿನ ಸಮಯ, ಊರಿನ ಸಮಯ ಬೇರೆ ಇರಬಹುದು, ವಾಚು ನೋಡಿಕೊಳ್ಳಿ. ಹಡಗಿನಿಂದ ಹಣ್ಣು, ಊಟ ಕೆಳಗೆ ತರಬೇಡಿ, ಅಲ್ಲಿನ ಹಣ್ಣು ಅಲ್ಲೇ ತಿನ್ನಿ. ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ. ಚಿಲ್ಲರೆ ಫಿಜಿ ಡಾಲರ್ ಇರಲಿ. ಸಿಕ್ಕವರಿಗೆಲ್ಲ "ಬುಲಾ" ಅನ್ನಿ, ಅದು ಅಲ್ಲಿನ ನಮಸ್ಕಾರ. ಈ ಪಟ್ಟಿಯನ್ನು ವಿಡಿಯೊ ಕೆಳಗೂ ಹಾಕಿದ್ದೇನೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಅಪ್ಪ ಅಮ್ಮನನ್ನು ಕ್ರೂಸ್‌ಗೆ ಕರೆದುಕೊಂಡು ಹೋಗುವವರಿಗೆ ಕಳಿಸಿ. ಅಪ್ಪ ಅಮ್ಮನಿಗೇ ಈ ಮಾರುಕಟ್ಟೆ ಜಾಸ್ತಿ ಇಷ್ಟ ಆಗುತ್ತದೆ. ಗಡ್ಡೆ ಗೆಣಸು ನೋಡಿದರೆ ಅವರು ಅಲ್ಲಿಂದ ಏಳುವುದಿಲ್ಲ.

ಇನ್ನೂ ವಾದ ಬೇಕಾ? ಇಳಿಯಿರಿ, ಅಷ್ಟೇ. ಈಜುಕೊಳ ಮನೆ ಹತ್ತಿರವೂ ಇದೆ. ಬಫೆ ಮನೆ ಹತ್ತಿರವೂ ಇದೆ. ಸುವಾ ಇಲ್ಲ. ಸುವಾಗೆ ಹೋಗಿ ಬಂದವರು ಏನು ತಿಂದಿರಿ, ಯಾರ ಹತ್ತಿರ ಮಾತಾಡಿದಿರಿ ಅಂತ ಕೆಳಗೆ ಬರೆಯಿರಿ. ಒಂದೊಂದನ್ನೂ ಓದುತ್ತೇನೆ. ಮುಂದಿನ ವಾರ ಕ್ಯಾಬಿನ್ ಬಗ್ಗೆ ಮಾತಾಡೋಣ.