ಫೋಟೋ ಹಿಂದೆ ಹೆಸರಿದೆಯಾ?

ಕೇಳುಗರಿಗೆ ನಮಸ್ಕಾರ. ಅಮೆರಿಕದ ಆಫ್ರಿಕನ್ ಅಮೆರಿಕನ್ನರು ತಮ್ಮ ಮನೆಯ ಫೋಟೋಗಳನ್ನೇ ಊರಿನ ಚರಿತ್ರೆಯಾಗಿ ಹೇಗೆ ಉಳಿಸಿಕೊಳ್ಳುತ್ತಿದ್ದಾರೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು: ಫೋಟೋ ಹಿಂದೆ ಹೆಸರು ಬರೆಯಿರಿ.

ಪಿಟ್ಸ್‌ಬರ್ಗ್‌ನಲ್ಲಿ ಚಾರ್ಲ್ಸ್ ಹ್ಯಾರಿಸ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ಊರಿಗೆಲ್ಲ ಟೀನಿ ಹ್ಯಾರಿಸ್. ಕಪ್ಪು ಜನರ ಪತ್ರಿಕೆ 'ಪಿಟ್ಸ್‌ಬರ್ಗ್ ಕೊರಿಯರ್'ಗೆ ದಶಕಗಟ್ಟಲೆ ಚಿತ್ರ ತೆಗೆದವರು. ಬೇರೆಯವರು ಫ್ಲ್ಯಾಶ್ ಮೇಲೆ ಫ್ಲ್ಯಾಶ್ ಹೊಡೆಯುತ್ತಿದ್ದರೆ ಇವರದು ಒಂದೇ ಕ್ಲಿಕ್, ಕೆಲಸ ಮುಗೀತು. ಊರಿನ ಮೇಯರ್ ಹ್ಯಾರಿಸ್‌ಗೆ 'ಒನ್ ಶಾಟ್' ಅಂತಲೇ ಹೆಸರಿಟ್ಟಿದ್ದರು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಬಡಾವಣೆಯ ಮದುವೆ, ಮಕ್ಕಳು, ಅಂಗಡಿ, ಬೇಸ್‌ಬಾಲ್, ಯಾವುದನ್ನೂ ಅವರು ಬಿಡಲಿಲ್ಲ. ಅದೇ ಹಿಲ್‌ನ ಕೆಳಭಾಗವನ್ನು 1950ರ ದಶಕದಲ್ಲಿ ನಗರ ಸುಧಾರಣೆ ಅಂತ ನೆಲಸಮ ಮಾಡಿದರು. ಸುಮಾರು 8,000 ಜನ ಮನೆ ಕಳೆದುಕೊಂಡರು. ಒಳ್ಳೆ ಸುಧಾರಣೆ, ಅಲ್ವಾ?

ಹ್ಯಾರಿಸ್ 1998ರಲ್ಲಿ ತೀರಿಕೊಂಡರು. 2001ರಲ್ಲಿ ಅಲ್ಲಿನ ಕಾರ್ನೆಗಿ ಕಲಾ ಮ್ಯೂಸಿಯಂ ಅವರ ನೆಗೆಟಿವ್‌ಗಳನ್ನು ಕೊಂಡುಕೊಂಡಿತು. ಹತ್ತಿರ ಹತ್ತಿರ 80,000! ನೋಡಿದರೆ ಬಹುಪಾಲಿಗೆ ಹೆಸರಿಲ್ಲ, ತಾರೀಖಿಲ್ಲ. ಮ್ಯೂಸಿಯಂನಲ್ಲಿ ಓದಿದವರಿಗೇನು ಬರವೇ? ಆದರೆ ಈ ಮದುಮಗಳು ಯಾರ ಮನೆಯವಳು ಅಂತ ಓದಿದವರಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಚಿತ್ರಗಳನ್ನು ಊರಿನವರ ಮುಂದೆ ಹರಡಿದರು. ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ರೆಕಾರ್ಡ್ ಮಾಡಿದರು. ಹಿಲ್‌ನಲ್ಲಿ ಬೆಳೆದವರೇ ಹೆಸರು ಹೇಳಿದರು, ಬೀದಿ ಹೇಳಿದರು. ಅವರಿನ್ನೂ ಬದುಕಿದ್ದದ್ದು ಪುಣ್ಯ. ಇನ್ನಿಪ್ಪತ್ತು ವರ್ಷ ತಡವಾಗಿದ್ದರೆ ಯಾರನ್ನು ಕೇಳುತ್ತಿದ್ದರು?

ಇನ್ನೊಂದು ಕೇಳಿ. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಕಪ್ಪು ಜನರ ಹೆಸರಾಂತ ವಿದ್ವಾಂಸ ಡಬ್ಲ್ಯೂ. ಇ. ಬಿ. ಡು ಬಾಯ್ಸ್ 363 ಫೋಟೋಗಳ ಆಲ್ಬಮ್‌ಗಳನ್ನು ಒಯ್ದರು. ಅಮೆರಿಕದ ಜಾರ್ಜಿಯಾ ರಾಜ್ಯದ ಕಪ್ಪು ಕುಟುಂಬಗಳು ಠೀವಿಯಿಂದ ಕೂತ ಚಿತ್ರಗಳು. ಅಷ್ಟು ದೊಡ್ಡ ವಿದ್ವಾಂಸರ ಆಲ್ಬಮ್‌ನಲ್ಲೂ ಜಾಸ್ತಿ ಜನರಿಗೆ ಹೆಸರಿಲ್ಲ! ಒಂದರಲ್ಲಿ ವಾದ್ಯ ಹಿಡಿದ ಹುಡುಗರಿದ್ದಾರೆ. ಸುಮ್ನೆ ನೋಡಿದರೆ ಯಾವುದೋ ಬ್ಯಾಂಡ್. ಹೆಸರು ಸಿಕ್ಕ ಮೇಲೆ ಗೊತ್ತಾಗುತ್ತದೆ, ಫೋಟೋ ತೆಗೆದ ಅಟ್ಲಾಂಟಾದ ಥಾಮಸ್ ಆಸ್ಕ್ಯೂ ಅವರ ಸ್ವಂತ ಮಕ್ಕಳು, ಜೊತೆಗೆ ನೆರೆಮನೆಯ ಹುಡುಗ.

ಸಮಯ ಓಡುತ್ತಿದೆ. ವಾಷಿಂಗ್ಟನ್‌ನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಕುಟುಂಬಗಳ ಫೋಟೋ, ಹಳೆಯ ಫಿಲ್ಮ್‌ಗಳನ್ನು ಪುಕ್ಕಟೆಯಾಗಿ ಸ್ಕ್ಯಾನ್ ಮಾಡಿಕೊಡುತ್ತದೆ. ಅಸಲು ಮನೆಯವರ ಹತ್ತಿರವೇ ಉಳಿಯುತ್ತದೆ. ಬಹಳ ಒಳ್ಳೆಯ ಕೆಲಸ. ಆದರೆ "ಸ್ಕ್ಯಾನ್ ಆಯ್ತಲ್ಲ, ಇನ್ನೇನು?" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಯಂತ್ರಕ್ಕೆ ಮುಖ ಕಾಣುತ್ತದೆ, ಸಂಬಂಧ ಕಾಣುತ್ತದೆಯೇ? ಆಫ್ರಿಕನ್ ಅಮೆರಿಕನ್ನರ ಎಷ್ಟೋ ಮನೆಗಳಲ್ಲಿ ಅಜ್ಜಿಗೆ 'ಬಿಗ್ ಮಾಮಾ' ಅನ್ನುತ್ತಾರೆ. ಫೋಟೋ ಹಿಂದೆ ಅಷ್ಟೇ ಬರೆದರೆ, ಯಾರ ಬಿಗ್ ಮಾಮಾ? ಪೂರ್ತಿ ಹೆಸರು, ಊರು, ವರ್ಷ ಬೇಕು.

ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಹಗುರವಾಗಿ ಬರೆಯಿರಿ. ಅಂಟುಹಾಳೆಯ ಆಲ್ಬಮ್ ಬಗ್ಗೆ ಹೇಳುವುದು ಬಹಳ ಇತ್ತು. ಹಾಳೆಯಿಂದ ಫೋಟೋ ಸಲೀಸಾಗಿ ಎದ್ದು ಬಂದರೆ ಬಿಡಿಸಿಕೊಳ್ಳಿ, ಬರದಿದ್ದರೆ ಎಳೆಯಬೇಡಿ. ನನ್ನ ಹೊತ್ತು ಮುಗಿಯಿತಂತೆ. ನಮಸ್ಕಾರ.